ಸುಲ್ತಾನರ ಗಡಿ ಎಲ್ಲಿಯವರೆಗೆ?

ಪ್ರಶ್ನೆ: ಸುಲ್ತಾನ ಇಲ್ತುಮಿಷ್‌ನ ಕಾಲದ ಭೂಪಟದಲ್ಲಿ ಸಿಂಧೂ ನದಿಯಿಂದ ಬಂಗಾಳದವರೆಗೆ ಒಂದೇ ಬಣ್ಣ ತುಂಬಿರುತ್ತಾರೆ. ಅಷ್ಟೂ ನೆಲ ದೆಹಲಿಯ ಕೈಯಲ್ಲಿತ್ತೇ?

ಉತ್ತರ: ಇರಲಿಲ್ಲ. ಇಲ್ತುಮಿಷ್ 1236ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪಶ್ಚಿಮದಲ್ಲಿ ಲಾಹೋರ್, ಮುಲ್ತಾನ್, ಉಚ್, ಪೂರ್ವದಲ್ಲಿ ಬಂಗಾಳದ ಲಖನೌತಿ, ದಕ್ಷಿಣದ ಕಡೆ ರಣಥಂಬೋರ್ ಮತ್ತು ಗ್ವಾಲಿಯರ್ ಅವನ ವಶದಲ್ಲಿದ್ದವು ನಿಜ. ಆದರೆ ಇವೆಲ್ಲ ದಂಡು ಬೀಡುಬಿಟ್ಟ ಕೋಟೆಗಳು, ಪಟ್ಟಣಗಳು. ಸುತ್ತಲಿನ ಹಳ್ಳಿಗಾಡಿನಲ್ಲಿ ಮಾತು ನಡೆಯುತ್ತಿದ್ದುದು ಹೆಚ್ಚಾಗಿ ಹಳೆಯ ಪಾಳೆಯಗಾರರದ್ದೇ. ಸೇನೆ ಬಂದಾಗ ಕಪ್ಪ ಕೊಡುತ್ತಿದ್ದರು, ಹಿಂತಿರುಗಿದ ಮೇಲೆ ನಿಲ್ಲಿಸುತ್ತಿದ್ದರು. ಇಲ್ತುಮಿಷ್ ಮಾಳವಕ್ಕೆ ನುಗ್ಗಿ ಭಿಲ್ಸಾ, ಉಜ್ಜಯಿನಿಗಳನ್ನು ಸೂರೆಗೊಂಡ. ಅಲ್ಲಿ ಆಳ್ವಿಕೆ ಹೂಡಲಿಲ್ಲ. ಮಗಳು ರಜಿಯಾಳ ಕಾಲಕ್ಕೇ ರಣಥಂಬೋರ್ ಕೈತಪ್ಪಿತು. 1241ರಲ್ಲಿ ಮಂಗೋಲರು ಲಾಹೋರನ್ನು ಹಾಳುಗೆಡವಿದರು.

ದೂರದ ಮಾತು ಇರಲಿ, ರಾಜಧಾನಿಯ ಹೊಸಿಲಿನಲ್ಲೇ ಏನಾಗುತ್ತಿತ್ತು ನೋಡಿ. ಬಲ್ಬನ್ 1266ರಲ್ಲಿ ಪಟ್ಟಕ್ಕೆ ಬಂದಾಗ ದೆಹಲಿಯ ಸುತ್ತ ದಟ್ಟ ಕಾಡಿತ್ತು, ಅದರಲ್ಲಿ ಮೇವಾತಿ ದರೋಡೆಕೋರರ ಕಾಟ. ಕೆರೆಗೆ ನೀರಿಗೆ ಹೋದವರನ್ನೂ ಅವರು ಬಿಡುತ್ತಿರಲಿಲ್ಲ. ಸಂಜೆಯ ಮುಂಚಿನ ನಮಾಜಿಗೇ ಊರಿನ ಪಶ್ಚಿಮದ ಬಾಗಿಲುಗಳನ್ನು ಮುಚ್ಚಬೇಕಾಗುತ್ತಿತ್ತು ಎಂದು ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆದಿದ್ದಾನೆ. ಬಲ್ಬನ್ ಕಾಡು ಕಡಿಸಿದ, ಅಪಾರ ಜನರನ್ನು ಕೊಲ್ಲಿಸಿದ, ಠಾಣೆಗಳನ್ನಿಟ್ಟ. ಆಮೇಲಷ್ಟೇ ದಾರಿ ತೆರೆಯಿತು. ಇಷ್ಟೆಲ್ಲ ನಡೆದದ್ದು ಸುಲ್ತಾನರ ಆಳ್ವಿಕೆ ಶುರುವಾಗಿ ಅರವತ್ತು ವರ್ಷಗಳಾದ ಮೇಲೆ! ಭೂಪಟದ ಬಣ್ಣ ಇದನ್ನು ಮುಚ್ಚಿಬಿಡುತ್ತದೆ ಎಂಬುದೇ ನನ್ನ ತಕರಾರು.

ನಮ್ಮ ನಾಡಿನ ಉದಾಹರಣೆಯೂ ಇದೆ. 1311ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ ಬಂದ. ಹೊಯ್ಸಳ ಮೂರನೆಯ ವೀರಬಲ್ಲಾಳ ಸಂಪತ್ತು ಕೊಟ್ಟು ಕಪ್ಪಕ್ಕೆ ಒಪ್ಪಿದ, ಸಿಂಹಾಸನ ಉಳಿಸಿಕೊಂಡ. ಅದನ್ನು ಖಿಲ್ಜಿಯ ರಾಜ್ಯವೆಂದು ಬಣ್ಣ ಬಳಿಯುವುದು ತಪ್ಪು. ದಕ್ಷಿಣದಲ್ಲಿ ನೇರ ಆಡಳಿತದ ಪ್ರಯತ್ನ ಹೆಚ್ಚಾಗಿ ನಡೆದದ್ದು ತುಘಲಕರ ಕಾಲದಲ್ಲಿ. ಅದೂ ಹೆಚ್ಚು ದಿನ ಬಾಳಲಿಲ್ಲ: 1336ರಲ್ಲಿ ವಿಜಯನಗರ, 1347ರಲ್ಲಿ ಬಹಮನಿ ರಾಜ್ಯ ತಲೆಯೆತ್ತಿದವು.

ಮುಂದೆ ಇಂಥ ಭೂಪಟ ಕಣ್ಣಿಗೆ ಬಿದ್ದಾಗ ಅದು ಯಾವ ಇಸವಿಯದ್ದು, ಆ ಊರಿನಲ್ಲಿ ಸುಲ್ತಾನನ ದಂಡು ನೆಲೆಯಾಗಿತ್ತೇ, ಹಳ್ಳಿಯ ಕಂದಾಯ ಯಾರ ಕೈ ಸೇರುತ್ತಿತ್ತು ಎಂದು ತಪ್ಪದೆ ವಿಚಾರಿಸಿ.