ತೆರೆಯದ ಭಂಡಾರ

ಸಹ್ಯಾದ್ರಿಯ ಸೆರಗಿನಲ್ಲಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ಅಡಿಕೆ ತೋಟಗಳಿಗೆ ಹೆಸರಾದವು. ಯಕ್ಷಗಾನಕ್ಕೂ ಅಷ್ಟೇ ಹೆಸರಾದವು. ಇಲ್ಲಿಯ ಮಳೆಗಾಲ ದೀರ್ಘವಾದುದು. ಆ ದಿನಗಳಲ್ಲಿ ಗೋಡೆ, ಬಟ್ಟೆ, ಪುಸ್ತಕಗಳೆಲ್ಲ ತೇವವನ್ನು ಹೀರಿ ಬೂಷ್ಟು ಹಿಡಿಯುತ್ತವೆ. ಬರೆದುದನ್ನೂ ಹಾಡಿದುದನ್ನೂ ಮುಂದಿನ ತಲೆಮಾರಿಗೆ ಉಳಿಸುವುದು ಇಂತಹ ಸೀಮೆಯಲ್ಲಿ ಎಂದೂ ಸುಲಭವಾಗಿರಲಿಲ್ಲ.

ಆದರೂ ಹಿರಿಯರು ಉಳಿಸಿದರು. ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಗೀರುಗಳಿಗೆ ಮಸಿ ತುಂಬಿ, ಹಲಗೆಗಳ ನಡುವೆ ಕಟ್ಟಿಟ್ಟ ಗ್ರಂಥಗಳು ಇಲ್ಲಿಯ ಹಳೆಯ ಮನೆಗಳಲ್ಲಿದ್ದವು. ಹವ್ಯಕ ಮನೆತನಗಳಲ್ಲಿ ಸಂಸ್ಕೃತ ಗ್ರಂಥಗಳನ್ನು ಬರೆಯಲು ತಿಗಳಾರಿ ಲಿಪಿಯನ್ನು ಬಳಸುತ್ತಿದ್ದರು. ಅದು ಮಲಯಾಳ ಲಿಪಿಯನ್ನು ಹೋಲುವ ದುಂಡನೆಯ ಬರಹ. ಓಲೆ ಹುಳು ತಿನ್ನದೆ ಉಳಿದಿದ್ದರೂ, ಅಕ್ಷರ ಮಾಸದಿದ್ದರೂ, ಮೊಮ್ಮಕ್ಕಳ ಕಾಲಕ್ಕೆ ಅದನ್ನು ಓದುವ ಕಣ್ಣು ಇಲ್ಲವಾಯಿತು. ಭಂಡಾರವಿತ್ತು, ಬೀಗದ ಕೈ ಕಳೆದಿತ್ತು. ಗಣಕಯಂತ್ರಗಳಲ್ಲಿ ಬಳಸುವ ಯೂನಿಕೋಡ್ ಸಂಕೇತಪಟ್ಟಿಯಲ್ಲಿ ಈ ಲಿಪಿಗೆ ತುಳು-ತಿಗಳಾರಿ ಎಂಬ ಹೆಸರಿನಿಂದ ಸ್ಥಾನ ದೊರೆತುದು 2024ರ ಸೆಪ್ಟೆಂಬರಿನಲ್ಲಿ.

ಇಂದಿನ ಭಂಡಾರ ಅಂಗೈಯಗಲದ ಪೆಟ್ಟಿಗೆ. ಅದನ್ನು ಹಾರ್ಡ್ ಡಿಸ್ಕ್ ಎನ್ನುತ್ತಾರೆ. ಈ ಸೀಮೆಯ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಮನೆಯ ಯಜಮಾನರು ಯಕ್ಷಗಾನದ ಹುಚ್ಚಿನವರು. 2017ರಲ್ಲಿ ತೀರಿಕೊಂಡ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಆಟಗಳನ್ನೂ, ಊರ ಭಾಗವತರ ಪದಗಳನ್ನೂ ಅವರು ಕ್ಯಾಸೆಟ್ಟುಗಳಲ್ಲಿ ತುಂಬಿಸಿಟ್ಟಿದ್ದರು. ಟೇಪಿಗೆ ಬೂಷ್ಟು ಹಿಡಿಯತೊಡಗಿದಾಗ ಬೆಂಗಳೂರಿನಲ್ಲಿದ್ದ ಮಗ ಅವೆಲ್ಲವನ್ನೂ ತನ್ನ ಆಪಲ್ ಗಣಕದ ಮೂಲಕ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿದನು. ಜಾಗ ಸಾಲದೆಂದು ಕ್ಯಾಸೆಟ್ಟುಗಳನ್ನು ಹೊರಗೆ ಹಾಕಿದರು. ಇದು ದುಡುಕಿನ ಕೆಲಸವೆಂಬುದು ಅಂದು ಯಾರಿಗೂ ಹೊಳೆಯಲಿಲ್ಲ.

ಕೆಲವು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತಾದ್ದರಿಂದ, ಚೌತಿ ಹಬ್ಬಕ್ಕೆ ಬಂದ ಮಗ ತಂದೆಯ ಗಣಕಕ್ಕೆ ವಿಂಡೋಸ್ 11ನ್ನು ಅಳವಡಿಸಿ ಹೋದನು. ಮರುವಾರ ಯಜಮಾನರು ಡಿಸ್ಕನ್ನು ಜೋಡಿಸಿದಾಗ ಪದ ಕೇಳಲಿಲ್ಲ. ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡಿತು. ವಿನಯದ ಮಾತಿನಂತೆ ಕಾಣುವ ಈ ಪ್ರಶ್ನೆಯಷ್ಟು ಅಪಾಯಕರವಾದುದು ಬೇರೊಂದಿಲ್ಲ. ಯಜಮಾನರ ಬೆರಳು ಗುಂಡಿಯ ಬಳಿಗೆ ಹೋಗಿ ನಿಂತಿತು. ಅವರು ಒತ್ತದೆ ಮಗನಿಗೆ ಫೋನು ಮಾಡಿದರು.

ಡಿಸ್ಕು ಕೆಟ್ಟಿತ್ತೆ? ಇಲ್ಲ. ಡಿಸ್ಕಿನಲ್ಲಿ ಮಾಹಿತಿ ರಾಶಿ ಬಿದ್ದಿರುವುದಿಲ್ಲ. ಯಾವ ಕಡತ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಅಲ್ಲೊಂದು ಲೆಕ್ಕದ ಕ್ರಮವುಂಟು. (ಕಡತವೆಂದರೆ ಹಿಂದೆ ಹುಣಿಸೆ ಬೀಜದ ಅಂಟಿಗೆ ಇದ್ದಲು ಬೆರೆಸಿ ಬಳಿದ ಬಟ್ಟೆಯ ಮಡಿಕೆ ಪುಸ್ತಕ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಹಳೆಯ ಹೆಸರು ಹೊಸ ವಸ್ತುವಿಗೂ ಒಪ್ಪಿಕೊಂಡಿದೆ.) ಈ ಲೆಕ್ಕದ ಕ್ರಮಕ್ಕೆ ಕಡತ ವ್ಯವಸ್ಥೆ ಎಂದು ಹೆಸರು. ಎಲ್ಲ ಗಣಕಗಳಿಗೂ ಒಂದೇ ಕ್ರಮವಿಲ್ಲ. ವಿಂಡೋಸ್‌ನದು 1993ರಲ್ಲಿ ಬಂದ ಎನ್‌ಟಿಎಫ್‌ಎಸ್. ಆಪಲ್ ಗಣಕಗಳದು 1998ರ ಎಚ್‌ಎಫ್‌ಎಸ್ ಪ್ಲಸ್, 2017ರಿಂದೀಚೆಗೆ ಎಪಿಎಫ್‌ಎಸ್. ಆಪಲ್ ಗಣಕವು ಎನ್‌ಟಿಎಫ್‌ಎಸ್ ಡಿಸ್ಕನ್ನು ಓದಬಲ್ಲದು, ತಾನಾಗಿ ಅದರಲ್ಲಿ ಬರೆಯಲಾರದು. ವಿಂಡೋಸ್‌ಗಂತೂ ಆಪಲ್‌ನ ಲೆಕ್ಕ ತಾನಾಗಿ ತಿಳಿಯುವುದೇ ಇಲ್ಲ. ತಿಳಿಯದ ಲಿಪಿಯ ಓಲೆಯನ್ನು ಕಂಡವನು ಇದು ಬರಿಯ ಗೀರು, ಕೆರೆದು ಹೊಸದಾಗಿ ಬರೆಯಲೇ ಎಂದು ಕೇಳಿದರೆ ಹೇಗೋ, ಫಾರ್ಮ್ಯಾಟ್ ಮಾಡಲೇ ಎಂಬ ಪ್ರಶ್ನೆಯೂ ಹಾಗೆಯೇ.

ಹಾಗಾದರೆ ಇಷ್ಟು ದಿನ ಪದಗಳು ಕೇಳಿಸಿದ್ದು ಹೇಗೆ? ಮಗನು ಹಿಂದೆಯೇ ಹಳೆಯ ವಿಂಡೋಸ್‌ಗೆ ಒಂದು ಸಹಾಯಕ ತಂತ್ರಾಂಶವನ್ನು ಹಾಕಿದ್ದನು. ಅದು ದುಭಾಷಿಯಂತೆ ನಡುವೆ ನಿಂತು ಆಪಲ್‌ನ ಲೆಕ್ಕವನ್ನು ವಿಂಡೋಸ್‌ಗೆ ತಿಳಿಸುತ್ತಿತ್ತು. ಕಾರ್ಯಾಚರಣ ವ್ಯವಸ್ಥೆ ಬದಲಾದಾಗ ಆ ಹಳೆಯ ದುಭಾಷಿಗೆ ಕೆಲಸ ಹೋಯಿತು. ಬೇರೆ ಕಡೆಯೂ ಹೀಗಾಗಿದೆ. ಆಪಲ್ ಗಣಕಗಳ 2019ರ ಕ್ಯಾಟಲಿನಾ ಆವೃತ್ತಿಯು 32 ಬಿಟ್‌ನ ಹಳೆಯ ತಂತ್ರಾಂಶಗಳನ್ನೆಲ್ಲ ಒಮ್ಮೆಗೇ ಕೈಬಿಟ್ಟಿತು. ಅದೇ ವರ್ಷ ವಿಂಡೋಸ್ 10ರ ಮೇ ತಿಂಗಳ ಆವೃತ್ತಿ ಬಂದಾಗ, ಹೊರಗಿನ ಯುಎಸ್‌ಬಿ ಡಿಸ್ಕು ಜೋಡಿಸಿದ್ದರೆ ಡ್ರೈವಿನ ಗುರುತಿನ ಅಕ್ಷರ ಅದಲುಬದಲಾಗುವ ದೋಷವಿದ್ದುದರಿಂದ, ಅಂತಹ ಗಣಕಗಳಿಗೆ ಆ ಆವೃತ್ತಿಯನ್ನು ಮೈಕ್ರೋಸಾಫ್ಟ್ ತಾನೇ ತಡೆಹಿಡಿಯಿತು. ವ್ಯವಸ್ಥೆಯನ್ನು ಬದಲಿಸುವ ಮೊದಲು ಹೊರಗಿನ ಡಿಸ್ಕನ್ನು ಕಳಚಿಡಬೇಕೆಂದು ಬಲ್ಲವರು ಹೇಳುವುದು ಸುಮ್ಮನೆಯಲ್ಲ.

ಏನನ್ನೂ ಒತ್ತದೆ ಡಿಸ್ಕನ್ನು ಕಳಚಿ ಒಣಗಿದ ಜಾಗದಲ್ಲಿಡುವಂತೆ ಮಗ ತಂದೆಗೆ ತಿಳಿಸಿದನು. ದೀಪಾವಳಿಗೆ ಬರುವಾಗ ತನ್ನ ಹಳೆಯ ಆಪಲ್ ಗಣಕವನ್ನೂ, ಹೊಸ ಡಿಸ್ಕುಗಳೆರಡನ್ನೂ ತಂದನು. ಹಳೆಯ ಡಿಸ್ಕು ಅದರಲ್ಲಿ ಒಡನೆಯೇ ತೆರೆಯಿತು. ಭಾಗವತರ ಏರುದನಿ ಜಗಲಿಯಲ್ಲಿ ಕೇಳಿದಾಗ ಅಡುಗೆಮನೆಯಲ್ಲಿದ್ದವರೂ ಹೊರಗೆ ಬಂದರು. ಹೊಸ ಡಿಸ್ಕುಗಳನ್ನು ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಸಿದ್ಧಗೊಳಿಸಿದ್ದರು. 2006ರಲ್ಲಿ ಬಂದ ಈ ಕ್ರಮವನ್ನು ಎರಡೂ ಬಗೆಯ ಗಣಕಗಳು ಓದುತ್ತವೆ, ಬರೆಯುತ್ತವೆ. ಹಳೆಯ ಫ್ಯಾಟ್32ನ್ನೂ ಎರಡೂ ಬಲ್ಲವು. ಆದರೆ ಅದರಲ್ಲಿ ನಾಲ್ಕು ಜಿಬಿಗಿಂತ ದೊಡ್ಡದಾದ ಕಡತ ಹಿಡಿಸುವುದಿಲ್ಲ, ಬೆಳಗಿನವರೆಗೆ ನಡೆಯುವ ಆಟದ ವಿಡಿಯೊ ಅದನ್ನು ಮೀರಬಹುದು. ಪ್ರತಿಯೊಂದು ಮನೆಯಲ್ಲಿ ಉಳಿಯಿತು, ಇನ್ನೊಂದು ಬೆಂಗಳೂರಿಗೆ ಹೋಯಿತು.

ಅದೇ ಡಿಸ್ಕಿನಲ್ಲಿ ಯಜಮಾನರು ಕೈಯಾರೆ ಬೆರಳಚ್ಚು ಮಾಡಿದ ಪ್ರಸಂಗಗಳಿದ್ದವು. ಅವೂ ತೆರೆದವು, ಆದರೆ ಕನ್ನಡವಿರಲಿಲ್ಲ. ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಅವನ್ನು ಬರೆದಿದ್ದರು. ಅಂತಹ ಶೈಲಿಗಳಲ್ಲಿ ಕನ್ನಡದ ರೂಪಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿರುತ್ತವೆ. ಆ ಶೈಲಿ ಗಣಕದಲ್ಲಿ ಇಲ್ಲದಿದ್ದರೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದ್ದರೂ ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಮಗನು ಪರಿವರ್ತಕವೊಂದರಿಂದ ಕಡತಗಳನ್ನು ಯೂನಿಕೋಡ್‌ಗೆ ತಂದುಕೊಟ್ಟನು. ಕೆಲವೆಡೆ ಒತ್ತಕ್ಷರಗಳು ತಪ್ಪಿದ್ದವು. ಯಜಮಾನರು ಕನ್ನಡಕ ಹಾಕಿಕೊಂಡು, ದಿನಕ್ಕೆ ನಾಲ್ಕು ಪುಟದಂತೆ, ಪದಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ ತಿದ್ದತೊಡಗಿದರು.