ಹಳೇ ಎಲೆಕ್ಟ್ರಿಕ್ ಕಾರು: ಲೀಸೋ, ಖರೀದಿಯೋ? ಸಹಿಗೆ ಮುಂಚೆ ಓದಿ

ಸಾಲದ ಕಂತನ್ನೂ ಲೀಸಿನ ಬಾಡಿಗೆಯನ್ನೂ ಅಕ್ಕಪಕ್ಕ ಇಟ್ಟು, ಕಡಿಮೆ ಕಂಡದ್ದಕ್ಕೆ ಸಹಿ ಹಾಕುವವರೇ ಹೆಚ್ಚು. ಆ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಕಡೆಯವರು ನೋಡಬೇಕಾದದ್ದು ಬೇರೆ: ಗಾಡಿ ಎಷ್ಟು ಓಡುತ್ತದೆ, ಎಲ್ಲಿ ಚಾರ್ಜ್ ಆಗುತ್ತದೆ, ಬ್ಯಾಟರಿ ವಾರಂಟಿ ಇನ್ನೆಷ್ಟು ಉಳಿದಿದೆ.

ಮಾಡಬೇಕಾದ್ದು

ಮೊದಲು ಕಿಲೋಮೀಟರ್ ಲೆಕ್ಕ ಹಾಕಿ. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದ ಮೆಟ್ರೊ ಓಡುತ್ತಿದೆ. ಎಲೆಕ್ಟ್ರಾನಿಕ್ ಸಿಟಿಗೆ ಅದರಲ್ಲೇ ಹೋಗಿಬರುವವರ ಕಾರು ಶನಿವಾರ, ಭಾನುವಾರ ಮಾತ್ರ ಹೊರಗೆ ಬರುತ್ತದೆ. ತಿಂಗಳಿಗೆ 500 ಕಿ.ಮೀ. ಕೂಡ ಓಡಿಸದವರು ಲೀಸಿಗೆ ಕೈಹಾಕಬೇಡಿ. ಓಡಿದರೂ ನಿಂತರೂ ಬಾಡಿಗೆ ಒಂದೇ.

ಪೂರ್ತಿ ಅವಧಿಯ ಖರ್ಚನ್ನು ಕೂಡಿಸಿ. ಉದಾಹರಣೆಗೆ, 8 ಲಕ್ಷಕ್ಕೆ ಕೊಂಡ ಕಾರು ಮೂರು ವರ್ಷದ ಮೇಲೆ 4.5 ಲಕ್ಷಕ್ಕೆ ಹೋಯಿತೆನ್ನಿ. ಇಳಿದ ಬೆಲೆ 3.5 ಲಕ್ಷ, ಬಡ್ಡಿ 1 ಲಕ್ಷ, ಇನ್ಶೂರೆನ್ಸ್ 75 ಸಾವಿರ, ಟೈರು–ಸರ್ವಿಸು 45 ಸಾವಿರ, ಒಟ್ಟು 5.7 ಲಕ್ಷ. ತಿಂಗಳಿಗೆ ಹಂಚಿದರೆ ಸುಮಾರು 15,800. ಎಲ್ಲಾ ಸೇರಿದ ಲೀಸು ತಿಂಗಳಿಗೆ 22,000 ಎಂದರೆ ಮೂರು ವರ್ಷಕ್ಕೆ 7.92 ಲಕ್ಷ. ನಡುವಿನ 2.2 ಲಕ್ಷವನ್ನು ನೀವು ಕೊಡುವುದು ಬ್ಯಾಟರಿಯ ಚಿಂತೆ ಕಂಪನಿಯ ತಲೆಗಿರಲಿ ಎಂದು. ವಾರಂಟಿ ಗಟ್ಟಿಯಾಗಿದ್ದರೆ ಆ ಹಣ ದಂಡ. ವಾರಂಟಿ ಮುಗಿಯುತ್ತಾ ಬಂದಿದ್ದರೆ ದಂಡವಲ್ಲ, ಏಕೆಂದರೆ ಹೊಸ ಬ್ಯಾಟರಿ ಪ್ಯಾಕಿಗೆ ಲಕ್ಷಗಳೇ ಬೀಳುತ್ತವೆ.

ಆರ್‌ಸಿಯಲ್ಲಿನ ತಾರೀಖು ನೋಡಿ ವಾರಂಟಿ ಎಣಿಸಿ. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ಇವಿಗೆ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಆ ವರ್ಷದ ಗಾಡಿಗೆ 2028ರಲ್ಲಿ ವಾರಂಟಿ ಮುಗಿಯುತ್ತದೆ, ನಿಮ್ಮ ಕಂತು ಆಗಲೂ ಮುಗಿದಿರಲಿಕ್ಕಿಲ್ಲ. ಎಂಜಿ ವಿಂಡ್ಸರ್‌ನ ಆಜೀವ ವಾರಂಟಿ ಮೊದಲ ಮಾಲೀಕರಿಗಷ್ಟೇ. ಸಾಲ ತೀರುವವರೆಗಾದರೂ ವಾರಂಟಿ ಇರುವ ಗಾಡಿಯನ್ನೇ ಕೊಳ್ಳಿ. ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದು ಬ್ಯಾಟರಿ ಆರೋಗ್ಯದ ವರದಿಯನ್ನು ಪ್ರಿಂಟ್ ಹಾಕಿಸಿಕೊಳ್ಳಿ. ಮಾರುವವರ ಮೊಬೈಲಿನ ಸ್ಕ್ರೀನ್‌ಶಾಟ್ ಸಾಲದು.

ಗೃಹಜ್ಯೋತಿ (200 ಯೂನಿಟ್‌ವರೆಗಿನ ಉಚಿತ ಕರೆಂಟ್ ಯೋಜನೆ) ಇರುವ ಮನೆಯವರು ಇದನ್ನು ಎರಡು ಸಲ ಓದಿ. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರಿಗೆ ಸುಮಾರು 150 ಯೂನಿಟ್ ಬೇಕು. ಮನೆಗೆ 110 ಯೂನಿಟ್ ಸುಡುತ್ತಿದ್ದರೆ ಒಟ್ಟು 260. 200 ದಾಟಿದ ತಿಂಗಳು ಹೆಚ್ಚಾದ 60ಕ್ಕೆ ಮಾತ್ರವಲ್ಲ, ಪೂರ್ತಿ 260ಕ್ಕೂ ಬಿಲ್ಲು. ಸೊನ್ನೆ ಬರುತ್ತಿದ್ದ ಜಾಗದಲ್ಲಿ ಸಾವಿರದ ಐನೂರು ದಾಟುತ್ತದೆ. ಪೆಟ್ರೋಲಿನ ಮುಂದೆ ಇದು ಅಗ್ಗವೇ, ಆದರೂ ಲೆಕ್ಕಕ್ಕೆ ಸೇರಲೇಬೇಕು. ಚಾರ್ಜಿಂಗ್‌ಗೆ ಬೆಸ್ಕಾಂನಿಂದ ಬೇರೆ ಮೀಟರ್ ಹಾಕಿಸಿಕೊಳ್ಳಿ. ಅದಕ್ಕೆ ಪ್ರತ್ಯೇಕ ದರವಿದೆ. ಜಯನಗರದ ಹಳೇ ಮನೆಗಳಲ್ಲಿ ಅರ್ಥಿಂಗ್, ವೈರಿಂಗ್, ಮಂಜೂರಾದ ಲೋಡು ಮೂರನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ನಂಬರ್ ಪ್ಲೇಟ್ ಗಮನಿಸಿ: ಹಸಿರು ಮೇಲೆ ಬಿಳಿ ಅಕ್ಷರವಾದರೆ ಸ್ವಂತದ ಗಾಡಿ, ಹಳದಿ ಅಕ್ಷರವಾದರೆ ಟ್ಯಾಕ್ಸಿಯಂಥ ಬಾಡಿಗೆ ಗಾಡಿ.

ಮಾಡಬಾರದ್ದು

ಮನೆ ಲೀಸಿನಂತೆ ಕಾರಿಗೆ ಕೊಟ್ಟದ್ದೂ ಕೊನೆಗೆ ವಾಪಸ್ ಬರುತ್ತದೆಂದು ನಂಬಬೇಡಿ. ಠೇವಣಿ ಬಿಟ್ಟರೆ ಮಿಕ್ಕದ್ದೆಲ್ಲ ಹೋದ ಹಣ. ಗೀರು–ತಗ್ಗಿನ ಲೆಕ್ಕದಲ್ಲಿ ಠೇವಣಿಯೂ ಕರಗಬಹುದು. ಗಾಡಿ ಕೈಗೆ ಬಂದ ದಿನವೇ ನಾಲ್ಕೂ ಕಡೆ ಫೋಟೊ ತೆಗೆಯದೆ ಓಡಿಸಬೇಡಿ.

ಆಫೀಸಿನ ಮೂಲಕ ಲೀಸ್ ಮಾಡುವವರು, ಕೆಲಸ ಬಿಟ್ಟರೆ ಏನಾಗುತ್ತದೆಂಬ ಷರತ್ತನ್ನು ಓದದೆ ಸಹಿ ಹಾಕಬೇಡಿ. ಉಳಿದ ಬಾಡಿಗೆಯ ಹೊರೆ ನಿಮ್ಮ ಮೇಲೇ ಬೀಳುವ ಕರಾರುಗಳಿವೆ.

ಬ್ಯಾಟರಿ ಬಾಡಿಗೆಯ ಕಾರನ್ನು ಅಗ್ಗವೆಂದು ಹಾರಿ ಕೊಳ್ಳಬೇಡಿ. 2024ರಲ್ಲಿ ವಿಂಡ್ಸರ್ ಬಂದಾಗ ಬೆಲೆ 9.99 ಲಕ್ಷ, ಜೊತೆಗೆ ಕಿ.ಮೀ.ಗೆ 3.50 ರೂಪಾಯಿ ಬ್ಯಾಟರಿ ಬಾಡಿಗೆ. ಸಾವಿರ ಕಿ.ಮೀ.ಗೆ 3,500, ಕರೆಂಟು ಬೇರೆ. ಎರಡನೇ ಕೈಗೆ ಬರುವಾಗ ಆ ಕರಾರಿನ ಬಾಕಿ ಯಾರ ಹೆಸರಲ್ಲಿದೆ ಎಂಬುದು ಕಾಗದದಲ್ಲೇ ಇರಬೇಕು.

ಬಿಟಿಎಂನಲ್ಲಿ ಬಾಡಿಗೆಗಿರುವವರು ಎರಡನೇ ಮಹಡಿಯಿಂದ ಬೀದಿಗೆ ವೈರು ಇಳಿಬಿಟ್ಟು ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಚಾರ್ಜ್ ಮಾಡಲೇಬಾರದು. ಕೆಳಗೆ ಮಕ್ಕಳು ಓಡಾಡುತ್ತಾರೆ. ಓನರ್ ಒಪ್ಪಿಗೆ, ಪ್ಲಗ್ ಎರಡೂ ಖಾತ್ರಿಯಾಗುವವರೆಗೆ ಖರೀದಿಯೂ ಬೇಡ, ಲೀಸೂ ಬೇಡ.

ನೀರು ನಿಂತ ಬೇಸ್‌ಮೆಂಟಿನಲ್ಲಿ ಚಾರ್ಜರ್ ಮುಟ್ಟಬೇಡಿ. 2025ರ ಮೇ ಮಳೆಯಲ್ಲಿ ಬಿಟಿಎಂ ಎರಡನೇ ಹಂತದ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿನ ನೀರನ್ನು ಪಂಪಿನಿಂದ ತೆಗೆಯುವಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು. ಒಬ್ಬ ಇನ್ನೂ ಬಾಲಕ. ನೀರಲ್ಲಿ ನಿಂತಿದ್ದ ಕಾರನ್ನೂ ಕೊಳ್ಳಬೇಡಿ. ಕಾರ್ಪೆಟ್ ಎತ್ತಿ ಮೂಸಿ, ಸೀಟಿನ ಹಳಿಯಲ್ಲಿ ತುಕ್ಕಿದೆಯೇ ಬೆರಳಿಟ್ಟು ನೋಡಿ.

ಆರ್‌ಸಿಯಲ್ಲಿ ಸಾಲದ ನಮೂದು ಇರುವವರೆಗೆ ಪೂರ್ತಿ ಹಣ ಕೊಡಬೇಡಿ. ಬೆಂಗಳೂರಲ್ಲೂ ಓಡುತ್ತಿದ್ದ ಬ್ಲೂಸ್ಮಾರ್ಟ್ ಟ್ಯಾಕ್ಸಿ ಸೇವೆ 2025ರ ಏಪ್ರಿಲ್‌ನಲ್ಲಿ ನಿಂತಾಗ, ಲೀಸಿನ ಕಾರುಗಳ ಹಿಂದೆ ಎಷ್ಟು ಸಾಲ ಇರಬಹುದೆಂದು ಎಲ್ಲರೂ ಕಂಡರು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಪರೀಕ್ಷಿಸಿ. ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರಲಿ. ಆಮೇಲೆ ಹೆಸರು ಬದಲಾವಣೆಗೆ ಫಾರಂ 29, 30. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸೂ ನಿಮ್ಮ ಹೆಸರಿಗೆ ಬರಬೇಕು.