ತ್ರಾಯ್ಚೊ ಕೊಸ್ತೊವ್: ಮೊದಲ ಓದಿಗೊಂದು ದಾರಿ

ಬಲ್ಗೇರಿಯಾದ ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಮೊದಲ ಸಲ ಕೈಗೆತ್ತಿಕೊಂಡವರು ಹೆಸರುಗಳಲ್ಲೇ ಕಳೆದುಹೋಗುತ್ತಾರೆ. ಗಿಯೋರ್ಗಿ ದಿಮಿತ್ರೊವ್, ವಾಸಿಲ್ ಕೊಲರೊವ್, ವಲ್ಕೊ ಚೆರ್ವೆನ್ಕೊವ್, ತೊದೊರ್ ಝಿವ್ಕೊವ್ ಹೀಗೆ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ, ಎಲ್ಲರೂ ಕಮ್ಯುನಿಸ್ಟರೇ, ಯಾರು ಯಾರ ಕಡೆಯವರೆಂದು ತಿಳಿಯುವುದಿಲ್ಲ. ಹೊಸದಾಗಿ ಓದುವವರಿಗೆ ನಾನು ಹೇಳುವುದು ಇಷ್ಟೇ: ತ್ರಾಯ್ಚೊ ಕೊಸ್ತೊವ್ ಒಬ್ಬರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಭೂಗತ ಹೋರಾಟ, ಸೆರೆಮನೆ, ಅಧಿಕಾರ, ನೇಣುಗಂಬ ನಾಲ್ಕನ್ನೂ ಕಂಡ ಬದುಕು ಅದು. ಅದನ್ನು ಅರ್ಥ ಮಾಡಿಕೊಂಡರೆ ಉಳಿದವರ ಜಾಗ ತಾನಾಗಿ ಗೊತ್ತಾಗುತ್ತದೆ.

ಮೊದಲು ದೇಶದ ಸ್ಥಿತಿ ನೋಡೋಣ. ಮೊದಲ ಮಹಾಯುದ್ಧದಲ್ಲಿ ಬಲ್ಗೇರಿಯಾ ಸೋತ ಕಡೆಯಲ್ಲಿತ್ತು. ನೆಲ ಕಳೆದುಕೊಂಡಿತ್ತು, ಯುದ್ಧ ಪರಿಹಾರದ ಸಾಲ ಹೊತ್ತಿತ್ತು. ಯುದ್ಧದ ನಂತರ ಅಧಿಕಾರಕ್ಕೆ ಬಂದ ರೈತ ಪಕ್ಷದ ಸರ್ಕಾರವನ್ನು 1923ರ ಜೂನ್‌ನಲ್ಲಿ ಸೇನಾಧಿಕಾರಿಗಳು ಮತ್ತು ಬಲಪಂಥೀಯರು ಸೇರಿ ಉರುಳಿಸಿದರು, ಪ್ರಧಾನಿ ಅಲೆಕ್ಸಾಂದರ್ ಸ್ತಂಬೊಲಿಸ್ಕಿಯವರನ್ನು ಕೊಂದರು. ಆ ಸೆಪ್ಟೆಂಬರ್‌ನಲ್ಲಿ ಕಮ್ಯುನಿಸ್ಟರು ದಂಗೆಯೆದ್ದರು. ಸರ್ಕಾರ ಅದನ್ನು ರಕ್ತ ಹರಿಸಿ ಅಡಗಿಸಿತು. ಪಕ್ಷ ಭೂಗತವಾಯಿತು, ನಾಯಕರಾದ ದಿಮಿತ್ರೊವ್ ಮತ್ತು ಕೊಲರೊವ್ ದೇಶ ಬಿಟ್ಟರು.

ದೇಶದೊಳಗೇ ಉಳಿದವರಲ್ಲಿ ಕೊಸ್ತೊವ್ ಒಬ್ಬರು. 1897ರಲ್ಲಿ ಸೋಫಿಯಾದಲ್ಲಿ ಹುಟ್ಟಿ, ಕಾನೂನು ಓದುತ್ತ, ಶೀಘ್ರಲಿಪಿಕಾರರಾಗಿ ದುಡಿದು, ಪಕ್ಷದ ಪತ್ರಿಕೆಗಳಿಗೆ ಬರೆದವರು. 1924ರಲ್ಲಿ ಪೊಲೀಸರು ಅವರನ್ನು ಹಿಡಿದರು. ವಿಚಾರಣೆಯೆಂದರೆ ಚಿತ್ರಹಿಂಸೆಯೇ ಆಗಿದ್ದ ಕಾಲವದು. ನೋವು ತಡೆಯಲಾಗದೆ ಸಂಗಾತಿಗಳ ಹೆಸರು ಹೇಳಿಬಿಟ್ಟೇನು ಎಂಬ ಭಯ ಅವರನ್ನು ಹಿಡಿಯಿತು. ಪೊಲೀಸ್ ಕಚೇರಿಯ ನಾಲ್ಕನೆಯ ಮಹಡಿಯ ಕಿಟಕಿಯಿಂದ ಹಾರಿಬಿಟ್ಟರು. ಜೀವ ಉಳಿಯಿತು, ಕಾಲು ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಗಿ ಬೆನ್ನು ಗೂನಾಯಿತು. ಆಮೇಲಿನ ಫೋಟೊಗಳಲ್ಲಿ ಅವರನ್ನು ಗುರುತಿಸುವುದು ಸುಲಭ: ತಲೆ ಭುಜಗಳ ನಡುವೆ ಹುದುಗಿರುವ, ದಪ್ಪ ಕನ್ನಡಕದ ಗಿಡ್ಡ ಮನುಷ್ಯ.

1929ರಲ್ಲಿ ಬಿಡುಗಡೆಯಾದರು. ಮಾಸ್ಕೊಗೆ ಹೋಗಿ ಕಮ್ಯುನಿಸ್ಟ್ ಅಂತರರಾಷ್ಟ್ರೀಯದಲ್ಲಿ ಕೆಲಸ ಮಾಡಿ ಮರಳಿ ಬಂದರು. 1941ರ ಮಾರ್ಚ್‌ನಲ್ಲಿ ತ್ಸಾರ್ ಮೂರನೆಯ ಬೋರಿಸ್‌ರ ಸರ್ಕಾರ ಹಿಟ್ಲರನ ಕೂಟ ಸೇರಿದಾಗ, ದೇಶದೊಳಗಿನ ಭೂಗತ ಪಕ್ಷವನ್ನು ನಡೆಸುತ್ತಿದ್ದವರಲ್ಲಿ ಕೊಸ್ತೊವ್ ಪ್ರಮುಖರು. 1942ರ ವಸಂತದಲ್ಲಿ ಪಕ್ಷದ ಕೇಂದ್ರ ಸಮಿತಿಯೇ ಪೊಲೀಸರ ಬಲೆಗೆ ಬಿತ್ತು. ಜುಲೈ 23ರಂದು ಆರು ಮಂದಿಯನ್ನು ಗುಂಡಿಟ್ಟು ಕೊಂದರು. ಬಲ್ಗೇರಿಯಾದ ಪ್ರಸಿದ್ಧ ಕವಿ ನಿಕೊಲ ವಪ್ತ್ಸಾರೊವ್ ಅವರಲ್ಲೊಬ್ಬರು. ಕೊಸ್ತೊವ್‌ಗೆ ಮಾತ್ರ ಜೀವಾವಧಿ ಶಿಕ್ಷೆಯಾಯಿತು. ಅರಮನೆಯಲ್ಲಿದ್ದ ಹಳೆಯ ಸಹಪಾಠಿಯೊಬ್ಬರು ದೊರೆಯ ಬಳಿ ಅವರ ಪರವಾಗಿ ಮಾತನಾಡಿದರು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಈ ಒಂದು ವಿವರವನ್ನು ನೆನಪಿನಲ್ಲಿಡಿ, ಏಳು ವರ್ಷದ ಬಳಿಕ ಇದೇ ಅವರ ಕೊರಳಿಗೆ ಸುತ್ತಿಕೊಳ್ಳುತ್ತದೆ.

1944ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಸೇನೆ ಗಡಿ ದಾಟಿತು. 9ರಂದು ಕಮ್ಯುನಿಸ್ಟರ ಮುಂದಾಳತ್ವದ ‘ಪಿತೃಭೂಮಿ ರಂಗ’ ಅಧಿಕಾರ ಹಿಡಿಯಿತು. ಸೆರೆಮನೆಯಿಂದ ಹೊರಬಂದ ಕೊಸ್ತೊವ್ ಪಕ್ಷದ ಕಾರ್ಯದರ್ಶಿಯಾದರು, 1946ರಲ್ಲಿ ಉಪಪ್ರಧಾನಿಯಾಗಿ ದೇಶದ ಅರ್ಥವ್ಯವಸ್ಥೆಯ ಹೊಣೆ ಹೊತ್ತರು.

ಇಲ್ಲಿ ಹೊಸ ಓದುಗರು ತುಸು ನಿಲ್ಲಬೇಕು. ಕಿಟಕಿಯಿಂದ ಹಾರಿದ ಮನುಷ್ಯನ ಮೇಲೆ ನಮಗೆ ಪ್ರೀತಿ ಹುಟ್ಟಿರುತ್ತದೆ. ಆ ಪ್ರೀತಿಯಲ್ಲಿ ಮುಂದಿನ ಪುಟವನ್ನು ಹಾರಿಸಿಬಿಡಬಾರದು. 1944ರ ಕೊನೆಯಿಂದ 1945ರ ವಸಂತದವರೆಗೆ ನಡೆದ ‘ಜನತಾ ನ್ಯಾಯಾಲಯ’ 2,700ಕ್ಕೂ ಹೆಚ್ಚು ಜನರಿಗೆ ಮರಣದಂಡನೆ ವಿಧಿಸಿತು. 1945ರ ಫೆಬ್ರವರಿಯ ಒಂದೇ ರಾತ್ರಿ ಹಳೆಯ ಆಡಳಿತದ ರಾಜಪ್ರತಿನಿಧಿಗಳು, ಮಂತ್ರಿಗಳು, ಸಂಸದರು ಗುಂಡಿಗೆ ಬಲಿಯಾದರು. ಅವರಲ್ಲಿ ತಪ್ಪಿತಸ್ಥರೂ ಇದ್ದರು, ಆದರೆ ತೀರ್ಪುಗಳ ದಿಕ್ಕನ್ನು ನಿರ್ಧರಿಸಿದ್ದು ಪಕ್ಷ. 1947ರ ಸೆಪ್ಟೆಂಬರ್‌ನಲ್ಲಿ ವಿರೋಧ ಪಕ್ಷದ ನಾಯಕ, ರೈತ ಪಕ್ಷದ ನಿಕೊಲ ಪೆತ್ಕೊವ್‌ರನ್ನು ಗಲ್ಲಿಗೇರಿಸಿದಾಗಲೂ ಕೊಸ್ತೊವ್ ಸರ್ಕಾರದ ಉನ್ನತ ಸ್ಥಾನದಲ್ಲೇ ಇದ್ದರು. ನ್ಯಾಯಾಲಯವನ್ನು ಪಕ್ಷದ ಕೈಗೆ ಕೊಟ್ಟ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಹಾಗಾದರೆ ಅವರು ಬಿದ್ದದ್ದು ಹೇಗೆ? ಇದನ್ನು ತಿಳಿಯಲು ಬಲ್ಗೇರಿಯಾದ ಗುಲಾಬಿ ತೈಲದ ವ್ಯಾಪಾರವನ್ನು ನೋಡಬೇಕು. ಒಂದು ಕಿಲೋ ತೈಲಕ್ಕೆ ಸುಮಾರು ಮೂರರಿಂದ ನಾಲ್ಕು ಸಾವಿರ ಕಿಲೋ ಹೂ ಬೇಕು. ಸುಗಂಧ ತಯಾರಕರು ಕೇಳಿದಷ್ಟು ಬೆಲೆ ಕೊಡುವ ಸರಕು ಅದು. ಯುದ್ಧಾನಂತರ ಸೋವಿಯತ್ ಒಕ್ಕೂಟ ಇದನ್ನೂ ತಂಬಾಕನ್ನೂ ಕಡಿಮೆ ಬೆಲೆಗೆ ಕೊಂಡು, ಪಶ್ಚಿಮದ ಮಾರುಕಟ್ಟೆಯಲ್ಲಿ ಲಾಭಕ್ಕೆ ಮಾರುತ್ತಿತ್ತು. ಬಡ ದೇಶದ ಲೆಕ್ಕ ನೋಡುತ್ತಿದ್ದ ಕೊಸ್ತೊವ್ ಬೆಲೆಗಾಗಿ ಚೌಕಾಸಿಗಿಳಿದರು. ಸರ್ಕಾರದ ಆರ್ಥಿಕ ಮಾಹಿತಿಯನ್ನು ಹೊರದೇಶದವರಿಗೆ ಕೊಡಬಾರದೆಂಬ ಕಾನೂನು ಸೋವಿಯತ್ ಪ್ರತಿನಿಧಿಗಳಿಗೂ ಅನ್ವಯಿಸುತ್ತದೆ ಎಂಬ ನಿಲುವು ತಳೆದರು.

ಇದೇ ಹೊತ್ತಿಗೆ, 1948ರ ಜೂನ್‌ನಲ್ಲಿ, ಸ್ಟಾಲಿನ್ ಮತ್ತು ಯುಗೊಸ್ಲಾವಿಯಾದ ಟಿಟೊ ನಡುವಿನ ಬಿರುಕು ಬಯಲಾಗಿತ್ತು. ತನ್ನ ಮಾತು ಮೀರುವ ಇನ್ನೊಬ್ಬ ಟಿಟೊ ಎಲ್ಲಿ ಹುಟ್ಟುತ್ತಾನೋ ಎಂದು ಮಾಸ್ಕೊ ಹುಡುಕುತ್ತಿತ್ತು. ದೇಶ ಬಿಟ್ಟು ವರ್ಷಗಟ್ಟಲೆ ಮಾಸ್ಕೊದಲ್ಲಿದ್ದು ಮರಳಿದ ನಾಯಕರಿಗಿಂತ, ದೇಶದೊಳಗೇ ಹೋರಾಡಿ ಹೆಸರು ಗಳಿಸಿದವರ ಮೇಲೆ ಅನುಮಾನ ಜಾಸ್ತಿ. ಕೊಸ್ತೊವ್ ಎರಡನೆಯ ಗುಂಪಿನವರು. 1948ರ ಡಿಸೆಂಬರ್‌ನಲ್ಲಿ ಸ್ಟಾಲಿನ್ ಅವರನ್ನು ಎದುರಿಗೇ ಗದರಿದರು, ಟಿಟೊ ಜಗಳವೂ ಹೀಗೆಯೇ ಶುರುವಾಗಿತ್ತೆಂದು ಎಚ್ಚರಿಸಿದರು. 1949ರ ಮಾರ್ಚ್‌ನಲ್ಲಿ ಪದವಿ ಹೋಯಿತು. ಸ್ವಲ್ಪ ಕಾಲ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರಾಗಿ ಇಟ್ಟರು. ಜೂನ್‌ನಲ್ಲಿ ಬಂಧಿಸಿದರು. ಜುಲೈ 2ರಂದು ಪ್ರಧಾನಿ ದಿಮಿತ್ರೊವ್ ಮಾಸ್ಕೊ ಬಳಿ ತೀರಿಕೊಂಡರು.

ಇಂಥ ಮೊಕದ್ದಮೆಗಳು ಹೇಗೆ ನಡೆಯುತ್ತಿದ್ದವೆಂದು ತಿಳಿದರೆ ಮುಂದಿನದು ಸ್ಪಷ್ಟವಾಗುತ್ತದೆ. ಆರೋಪಿಯನ್ನು ತಿಂಗಳುಗಟ್ಟಲೆ ಹಿಂಸಿಸಿ ತಪ್ಪೊಪ್ಪಿಗೆ ಬರೆಸುವುದು, ಅದನ್ನು ಅವನಿಗೆ ಬಾಯಿಪಾಠ ಮಾಡಿಸುವುದು, ಪತ್ರಕರ್ತರ ಮುಂದೆ ಅದನ್ನೇ ಒಪ್ಪಿಸುವಂತೆ ಮಾಡುವುದು. ಸಾಕ್ಷ್ಯ ಬೇಕಿಲ್ಲ, ಆರೋಪಿಯ ಬಾಯೇ ಸಾಕ್ಷಿ. ಹಂಗೇರಿಯ ಕಮ್ಯುನಿಸ್ಟ್ ನಾಯಕ ಲಾಸ್ಲೊ ರಾಯ್ಕ್ ಆ ಸೆಪ್ಟೆಂಬರ್‌ನಲ್ಲಿ ತನ್ನ ಮೇಲಿನ ಆರೋಪಗಳನ್ನೆಲ್ಲ ಒಪ್ಪಿಕೊಂಡು, ಅಕ್ಟೋಬರ್‌ನಲ್ಲಿ ನೇಣಿಗೇರಿದ್ದರು.

1949ರ ಡಿಸೆಂಬರ್ 7ರಂದು ಸೋಫಿಯಾದಲ್ಲಿ ಕೊಸ್ತೊವ್ ಮತ್ತು ಇತರ ಹತ್ತು ಮಂದಿಯ ವಿಚಾರಣೆ ಆರಂಭವಾಯಿತು. ಬ್ರಿಟಿಷರಿಗೂ ಅಮೆರಿಕನ್ನರಿಗೂ ಗೂಢಚರ್ಯೆ ಮಾಡಿದ್ದು, ಟಿಟೊ ಜೊತೆ ಸೇರಿ ಸಂಚು ಹೂಡಿದ್ದು, 1942ರಲ್ಲಿ ಪೊಲೀಸರಿಗೆ ಶರಣಾಗಿ ಜೀವ ಉಳಿಸಿಕೊಂಡದ್ದು: ಇವು ಆರೋಪಗಳು. ಕೊಸ್ತೊವ್ ಎದ್ದು ನಿಂತರು. ಗೂಢಚಾರನಾಗಿರಲಿಲ್ಲ, ಪೊಲೀಸರಿಗೆ ಶರಣಾಗಿರಲಿಲ್ಲ ಎಂದು, ತಾವು ಸಹಿ ಹಾಕಿದ್ದ ತಪ್ಪೊಪ್ಪಿಗೆಯನ್ನು ತುಂಬಿದ ಸಭಾಂಗಣದಲ್ಲೇ ಅಲ್ಲಗಳೆದರು. ನ್ಯಾಯಾಧೀಶರು ಅವರ ಮಾತನ್ನು ತಡೆದು, ಆ ಲಿಖಿತ ಹೇಳಿಕೆಯನ್ನೇ ಓದಿಸಿದರು. ಉಳಿದ ಹತ್ತೂ ಮಂದಿ ಬರೆದುಕೊಟ್ಟದ್ದನ್ನು ಒಪ್ಪಿಸಿ ಅವರ ಮೇಲೆ ಬೊಟ್ಟು ಮಾಡಿದರು. ಕೊನೆಯ ಮಾತಿನಲ್ಲೂ ಕೊಸ್ತೊವ್ ಆರೋಪ ಒಪ್ಪಲಿಲ್ಲ. ಡಿಸೆಂಬರ್ 14ಕ್ಕೆ ತೀರ್ಪು, 16ಕ್ಕೆ ನೇಣು. ತಪ್ಪೊಪ್ಪಿ ಕ್ಷಮೆ ಕೋರುವ ಪತ್ರವೊಂದನ್ನು ಸರ್ಕಾರ ಅವರ ಹೆಸರಿನಲ್ಲಿ ಪ್ರಕಟಿಸಿತು.

ಏಳು ವರ್ಷಗಳಲ್ಲಿ ಗಾಳಿ ತಿರುಗಿತು. ಸ್ಟಾಲಿನ್ ತೀರಿಕೊಂಡಿದ್ದರು, ಸೋವಿಯತ್ ನಾಯಕ ಕ್ರುಶ್ಚೆವ್ ಸ್ಟಾಲಿನ್‌ರ ಅಪರಾಧಗಳ ಬಗ್ಗೆ ಬಾಯಿಬಿಟ್ಟಿದ್ದರು. 1956ರಲ್ಲಿ ಬಲ್ಗೇರಿಯಾದ ಪಕ್ಷವೇ ಕೊಸ್ತೊವ್ ಮೇಲಿನ ಆರೋಪಗಳು ಸುಳ್ಳೆಂದು ಒಪ್ಪಿತು. ಆಗ ಪ್ರಧಾನಿ ಪದವಿಯಿಂದ ಹಿಂದೆ ಸರಿಯಬೇಕಾದವರು ಚೆರ್ವೆನ್ಕೊವ್, ಪಕ್ಷದ ನಾಯಕರಾಗಿ ಮೇಲೆ ಬಂದವರು ಝಿವ್ಕೊವ್. ಮೊದಲು ಗೋಜಲಾಗಿ ಕಂಡ ಹೆಸರುಗಳು ಈಗ ತಮ್ಮ ತಮ್ಮ ಜಾಗದಲ್ಲಿವೆ.

ಮುಂದೆ ಓದುವವರಿಗೆ ಒಂದು ಸಲಹೆ. ಕೊಸ್ತೊವ್ ಕುರಿತ ಯಾವುದೇ ಬರಹ ಸಿಕ್ಕರೂ ಮೊದಲು ಅದರ ವರ್ಷ ನೋಡಿ. 1948ರ ಬರಹದಲ್ಲಿ ಅವರು ವೀರ, 1950ರದ್ದರಲ್ಲಿ ದ್ರೋಹಿ, 1956ರ ನಂತರದ್ದರಲ್ಲಿ ಹುತಾತ್ಮ, 1989ರ ನಂತರದ ಕೆಲವದರಲ್ಲಿ ತಾನೇ ಕಟ್ಟಿದ ಯಂತ್ರಕ್ಕೆ ಸಿಕ್ಕಿದವರು. ನನ್ನ ಮಟ್ಟಿಗೆ ಅವರ ಧೈರ್ಯ ನಿಜ, ಅವರ ಹೊಣೆಯೂ ನಿಜ. ಪೆತ್ಕೊವ್‌ಗೆ ಸಿಗದ ನ್ಯಾಯ ಕೊಸ್ತೊವ್‌ಗೂ ಸಿಗಲಿಲ್ಲ, ಏಕೆಂದರೆ ಎದುರಾಳಿಗೆ ಮುಚ್ಚಿದ ನ್ಯಾಯಾಲಯದ ಬಾಗಿಲು ಮುಚ್ಚಿದವರಿಗಾಗಿಯೂ ಮತ್ತೆ ತೆರೆಯುವುದಿಲ್ಲ. ಪೂರ್ವ ಯುರೋಪಿನ ಆ ದಶಕದ ಬಗ್ಗೆ ಒಂದೇ ಪಾಠ ಕಲಿಯುವುದಾದರೆ ನನ್ನ ವಿದ್ಯಾರ್ಥಿಗಳು ಇದನ್ನು ಕಲಿಯಲಿ ಎಂಬುದು ನನ್ನ ಆಸೆ.